ರೈಲಿಗೆ ಓಗೊಟ್ಟವರು

ರೇಡಿಯೋ ಅಣ್ಣ ತೀರಿಕೊಂಡ ಸುದ್ದಿಯನ್ನು ಅವರ ಹೆಂಡತಿಯೇ ಫೋನ್ ಮಾಡಿ ಹೇಳಿದರು. "ಲಾಯರಪ್ಪ, ನಿಮ್ ಪಾರ್ಟಿ ಓಗ್ಬುಟ್ರು ಕಣಪ್ಪ. ಬೆಳಿಗ್ಗೆ ಕಾಪಿ ಆರೋಯ್ತದೆ ಬನ್ನಿ ಅಂತ ಕೂಗ್ದೆ. ಓಗೊಡ್ನಿಲ್ಲ. ಅಷ್ಟ್ರಲ್ಲೇ ಗೊತ್ತಾಗೋಯ್ತು" ಅಂದರು.

ಬೇರೆ ಯಾರ ಮನೆಯಲ್ಲಾದರೂ ಗಂಡ ಒಂದು ಕೂಗಿಗೆ ಓಗೊಡದಿದ್ದರೆ ಹೆಂಡತಿ ಇನ್ನೂ ನಾಲ್ಕು ಸಲ ಕೂಗುತ್ತಾಳೆ, ಐದನೆಯದಕ್ಕೆ ಬೈಯುತ್ತಾಳೆ. ಈ ಮನೆಯಲ್ಲಿ ಒಂದೇ ಕೂಗಿಗೆ ವಿಷಯ ತಿಳಿದುಹೋಯಿತು. ಏಕೆಂದರೆ ಆ ಮನುಷ್ಯ ಕೇಳಿದ ಪ್ರಶ್ನೆಗೆ, ಕರೆದ ಕೂಗಿಗೆ, ಹುಟ್ಟಿದಾಗಿನಿಂದ ಉತ್ತರ ಕೊಡದೇ ಇದ್ದವರಲ್ಲ. ಅದಕ್ಕಾಗಿಯೇ ಅವರ ಮೇಲೆ ಕ್ರಿಮಿನಲ್ ಕೇಸಾಯಿತು. ಅದು ನಾನು ನಡೆಸಿದ ಮೊದಲ ಕೇಸು. ನಡೆಸಿದೆ ಅನ್ನುವುದೂ ಸ್ವಲ್ಪ ಜಂಬದ ಮಾತೇ.

ಊರಿನ ಹೆಸರು ಬರೆಯುವುದಿಲ್ಲ. ಪಾಂಡವಪುರ ತಾಲ್ಲೂಕು, ಮೈಸೂರು ರೈಲು ಹಾದುಹೋಗುವ ಊರು ಅಂದರೆ ಸಾಕು. ಹೆಸರು ಹೇಳಿದರೆ ಆಗ ಅಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದವರ ಕಡೆಯವರು ಇವತ್ತಿಗೂ ನನಗೆ ನೋಟಿಸು ಕಳಿಸುತ್ತಾರೆ. ಮೀಟರ್ ಗೇಜ್ ಕಿತ್ತು ಬ್ರಾಡ್ ಗೇಜ್ ಹಾಕಿದ ಹೊಸತು. ನಾನು ವಕೀಲಿ ಶುರುಮಾಡಿ ಎಂಟು ತಿಂಗಳಾಗಿತ್ತು. ಶ್ರೀರಂಗಪಟ್ಟಣದ ಒಬ್ಬ ಹಿರಿಯ ವಕೀಲರ ಬಳಿ ಫೈಲು ಹೊರುತ್ತ, ಈ ಊರಿನಲ್ಲಿ ಒಂದು ಕೋಣೆ ಬಾಡಿಗೆ ಹಿಡಿದಿದ್ದೆ. ಕಿಟಕಿ ತೆಗೆದರೆ ಎದುರಿಗೆ ಹಾಲಿನ ಡೈರಿ, ಡೈರಿಯ ಪಕ್ಕ ಹಸಿರು ಬಾಗಿಲಿನ ಅಂಗಡಿ, ಅಂಗಡಿಯೊಳಗೆ ರೇಡಿಯೋ ಅಣ್ಣ.

ಟಿ.ವಿ., ಕೇಬಲ್ಲು ಬಂದು ರೇಡಿಯೋಗೆ ಮರ್ಯಾದೆ ಕಡಿಮೆಯಾಗುತ್ತಿದ್ದ ಕಾಲ. ಆದರೂ ದೇವಲಾಪುರ, ಶೀಳನೆರೆ ಕಡೆಯಿಂದೆಲ್ಲ ಜನ ಬಟ್ಟೆಯಲ್ಲಿ ಸುತ್ತಿಕೊಂಡು ರೇಡಿಯೋ ತರುತ್ತಿದ್ದರು. ಅಣ್ಣ ಅದನ್ನು ಬಿಚ್ಚಿ, ಕಿವಿಗಿಟ್ಟುಕೊಂಡು ಅಲ್ಲಾಡಿಸಿ, "ಇದು ಉಳಿಯಾಕಿಲ್ಲ ಕಣಪ್ಪ, ಮನೆಗೆ ತಕೊಂಡೋಗಿ ಚೆನ್ನಾಗಿ ನೋಡ್ಕೊಳ್ಳಿ" ಅನ್ನುತ್ತಿದ್ದರು. ಉಳಿಯುವಂಥದ್ದಾದರೆ ಎರಡು ದಿನದಲ್ಲಿ ಹಾಡಿಸಿಬಿಡುತ್ತಿದ್ದರು.

ಉತ್ತರ ಕೊಡುವ ಚಪಲದ ಬಗ್ಗೆ ಹೇಳಬೇಕು. ದಾರಿಯಲ್ಲಿ ಹೋಗುವವನು ತನ್ನಷ್ಟಕ್ಕೆ ತಾನೇ "ಬೀಗದ ಕೈ ಎಲ್ಲಿ ಮಡಗಿದ್ನೋ" ಅಂದುಕೊಂಡರೆ ಒಳಗಿನಿಂದ "ಮೇಲಿನ ಜೋಬು ನೋಡ್ಕೊ" ಅನ್ನುವ ದನಿ ಬರುತ್ತಿತ್ತು. ರೇಡಿಯೋದಲ್ಲಿ ವಾರ್ತೆ ಓದುವವರು ನಮಸ್ಕಾರ ಅಂದರೆ ಕೈಯಲ್ಲಿ ಬೆಸುಗೆಯ ಕಡ್ಡಿ ಹಿಡಿದುಕೊಂಡೇ ನಮಸ್ಕಾರ ಅನ್ನುತ್ತಿದ್ದರು. ಚಿತ್ರಗೀತೆಯಲ್ಲಿ ಒಬ್ಬ ತನ್ನ ಪ್ರಿಯತಮೆ ಎಲ್ಲಿ ಹೋದಳೆಂದು ಗೋಳಾಡಿದರೆ, "ತವ್ರಿಗೆ ಓಗಿರ್ಬೇಕು ಬುಡು, ಬತ್ತಾಳೆ" ಅಂತ ಅವನಿಗೂ ಸಮಾಧಾನ. ಒಮ್ಮೆ ನಾನು ಬೇಜಾರಿನಲ್ಲಿ ಕಿಟಕಿಯ ಬಳಿ ನಿಂತು "ಯಾಕಾದರೂ ವಕೀಲನಾದೆನೋ" ಅಂತ ಗೊಣಗಿದ್ದಕ್ಕೆ ರಸ್ತೆಯಾಚೆಯಿಂದ ಕಾಲು ಗಂಟೆ ಕಾರಣಗಳನ್ನು ಕೊಟ್ಟರು. ಕೆಲವು ಸರಿಯಾಗಿದ್ದವು.

ಇದು ಬರಿಯ ಬಾಯಿಚಪಲವಲ್ಲ, ಅವರು ಬೆಳೆದ ರೀತಿ ಅಂತ ನನಗೆ ಆಮೇಲೆ ತಿಳಿಯಿತು. ಅವರಪ್ಪ ಬೂಕನಕೆರೆಯ ಕಡೆ ಒಂದು ಕೆರೆಯ ನೀರುಗಂಟಿ. ಕೆರೆಯ ತೂಬು ಎತ್ತುವುದು, ಗದ್ದೆಗಳಿಗೆ ಸರದಿ ಪ್ರಕಾರ ನೀರು ಬಿಡುವುದು ಆತನ ಕೆಲಸ.

"ನಮ್ ಕೆರೆ ಬಯಲು ಬಲೇ ಉದ್ದ ಕಣಪ್ಪ" ಅಂತ ಒಮ್ಮೆ ಹೇಳಿದರು. "ತೂಬಿನ ತಾವ ನಿಂತ್ಕೊಂಡು ನಮ್ಮಪ್ಪ 'ನೀರು ಬುಟ್ಟಿವ್ನಿ' ಅಂತ ಕೂಗುದ್ರೆ ಕೊನೇ ಗದ್ದೆಯವನಿಗೆ ಎಲ್ಲಿ ಕೇಳ್ತದೆ? ನಡುಮಧ್ಯ ಯಾರವ್ರೋ ಅವ್ರು ಕೂಗ ಈಸ್ಕೊಂಡು ಮುಂದುಕ್ಕೆ ಕೊಡ್ಬೇಕು. ಕೂಗು ಅಲ್ಲೇ ಬಿದ್ದೋಗಂಗಿಲ್ಲ."

"ಮಧ್ಯದವನಿಗೂ ಕೊನೆಯವನಿಗೂ ಜಗಳವಿದ್ದರೆ?" ಅಂದೆ. ವಕೀಲನ ಪ್ರಶ್ನೆ.

"ಇತ್ತಲ್ಲ! ಅಣ್ಣ ತಮ್ಮ ಇಬ್ರು, ಬದುವಿನ ಸಲುವಾಗಿ ಕೋರ್ಟಿಗೆ ಓಗಿದ್ರು. ಮುಖ ನೋಡ್ತಿರ್ನಿಲ್ಲ. ಆದ್ರೂ ಕೂಗು ಬಂದ್ರೆ ಅಣ್ಣ ಅನ್ನೋನು ತಮ್ಮನ ಗದ್ದೆ ಕಡೆ ತಿರುಗಿ, 'ಲೇ ಮನೆಆಳ, ನೀರು ಬಂತು ಕಣ್ಲಾ, ಗದ್ದೆಗೆ ತಿರುಗುಸ್ಕೊ' ಅನ್ನೋನು. ಬೈಗುಳ ಅವನ್ದು, ಕೂಗು ಊರಿಂದು."

ಈ ಮನುಷ್ಯನ ಕೈಗೆ ಮೈಸೂರಿನ ಗುಜರಿಯಿಂದ ಒಂದು ಹಳೆಯ ವೈರ್‌ಲೆಸ್ ಸೆಟ್ಟು ಸಿಕ್ಕಿತು. ಯಾವುದೋ ಇಲಾಖೆಯವರು ಬಿಸಾಕಿದ್ದು. ಕೇಳಲೂ ಬರುವ, ಗುಂಡಿ ಒತ್ತಿದರೆ ಮಾತಾಡಲೂ ಬರುವ ಸೆಟ್ಟು. ಯಾತಕ್ಕೆ ತಂದಿರಿ ಅಂದರೆ "ಪಾಪ, ಕೆಟ್ಟೋಗಿತ್ತು" ಅಂದರು. ನಾಯಿಮರಿ ತಂದವರ ಹಾಗೆ. ರಿಪೇರಿ ಮಾಡಿ, ಮಾಡಿನ ಮೇಲೆ ಬಿದಿರಿನ ಗಳುವಿಗೆ ಆಂಟೆನಾ ಕಟ್ಟಿ, ಅದನ್ನೂ ಇದನ್ನೂ ತಿರುಗಿಸುತ್ತ ಕೂತಿದ್ದಾಗ ಒಂದು ದಿನ ಸ್ಟೇಷನ್ ಮಾಸ್ಟರ ದನಿ ಅಂಗಡಿಯೊಳಗೆ ಕೇಳಿಸಿತು.

ರೈಲ್ವೆಯವರಿಗೆ ಆಗ ತಾನೇ ವಾಕಿಟಾಕಿ ಬಂದಿತ್ತು. ಸ್ಟೇಷನ್ನಿಗೊಂದು ದೊಡ್ಡ ಸೆಟ್ಟು, ಗಾರ್ಡಿಗೊಂದು, ಡ್ರೈವರಿಗೊಂದು ಕೈಸೆಟ್ಟು. ಇವರ ಮಾತುಕತೆ ಪೂರ್ತಿ ನಮ್ಮ ಅಣ್ಣನ ಅಂಗಡಿಗೆ ಬರತೊಡಗಿತು. ಹದಿನೈದು ದಿನದಲ್ಲಿ ಊರಿಗೆ ಹೊಸ ವಿಚಾರಣಾ ಕೇಂದ್ರ ಸಿಕ್ಕಿತು. ಮೈಸೂರಿಗೆ ಹೋಗುವವರು ಸ್ಟೇಷನ್ನಿಗೆ ಹೋಗುವ ಬದಲು ಇಲ್ಲಿಗೆ ಬಂದು "ಅಣ್ಣೋ, ಪ್ಯಾಸೆಂಜರ್ ಎಲ್ಲೈತೆ?" ಅನ್ನುವುದು, ಇವರು "ಮಂಡ್ಯ ಬುಟ್ಟಿಲ್ಲ, ಮನೆಗೋಗಿ ಉಂಡ್ಕೊಂಡು ಬಾ" ಅನ್ನುವುದು. ಜನ ನಿಜವಾಗಿಯೂ ಮನೆಗೆ ಹೋಗಿ ಉಂಡುಕೊಂಡು ಬರುತ್ತಿದ್ದರು.

ಕೇಳುವುದಷ್ಟೇ ಆಗಿದ್ದರೆ ಈ ಕಥೆ ಇರುತ್ತಿರಲಿಲ್ಲ. ಅವರು ಮೊದಲ ಸಲ ಮಾತಾಡಿದ ದಿನ ನಾನು ಅಲ್ಲೇ ಇದ್ದೆ. ಭಾನುವಾರ ಮಧ್ಯಾಹ್ನ. ನನ್ನ ಟೇಪ್‌ರೆಕಾರ್ಡರು ಬಿಚ್ಚಿಟ್ಟಿದ್ದರು. ಒಂದು ಗೂಡ್ಸ್ ರೈಲು ಸ್ಟೇಷನ್ನಿನಾಚೆ, ದಿಬ್ಬದ ಹಿಂದುಗಡೆ ಸಿಗ್ನಲ್ಲಿಗೆ ಕಾಯುತ್ತ ನಿಂತಿತ್ತು. ಸ್ಟೇಷನ್ ಮಾಸ್ಟರು "ಗಾರ್ಡ್, ಗಾರ್ಡ್, ಕೇಳಿಸ್ತಿದೆಯಾ?" ಅನ್ನುತ್ತಿದ್ದರು. ಗಾರ್ಡು "ಮಾಸ್ಟರ್ ಸಾರ್, ಕೇಳಿಸ್ತಿದೆಯಾ?" ಅನ್ನುತ್ತಿದ್ದ. ನಡುವೆ ದಿಬ್ಬ ಅಡ್ಡವಿದ್ದುದರಿಂದ ಇವರದು ಅವನಿಗೆ ಮುಟ್ಟುತ್ತಿಲ್ಲ, ಅವನದು ಇವರಿಗೆ ಮುಟ್ಟುತ್ತಿಲ್ಲ. ಏರಿನ ಮೇಲಿದ್ದ ನಮ್ಮ ಅಂಗಡಿಗೆ ಮಾತ್ರ ಇಬ್ಬರೂ ಸ್ಪಷ್ಟ. ಒಬ್ಬೊಬ್ಬರೂ ಏಳೆಂಟು ಸಲ ಕೂಗಿದರು. ಅಣ್ಣ ಟೇಪ್‌ರೆಕಾರ್ಡರಿನ ಒಂದು ಸ್ಕ್ರೂ ಹಿಡಿದುಕೊಂಡು ಬೆವರುತ್ತಿದ್ದರು. ಕೊನೆಗೆ ಸ್ಕ್ರೂ ಕೆಳಗಿಟ್ಟು ಗುಂಡಿ ಒತ್ತಿದರು.

"ಮಾಸ್ಟ್ರೇ, ಗಾರ್ಡು ಇಲ್ಲೇ ಅವ್ರೆ, ನಿಮ್ಮುನ್ನೇ ಕೂಗ್ತಾವ್ರೆ. ಏನ್ ಏಳ್ಬೇಕೋ ಏಳಿ, ನಾನ್ ತಲುಪುಸ್ತೀನಿ."

ಸ್ಟೇಷನ್ ಮಾಸ್ಟರು ಗಂಟಲು ಸರಿಮಾಡಿಕೊಂಡು, "ಇನ್ನೂ ಅರ್ಧ ಗಂಟೆ ಆಗುತ್ತೆ ಅಂತ ಹೇಳಿ" ಅಂದರು. ಯಾರು ನೀವು ಅಂತ ಕೇಳಲಿಲ್ಲ. ಅಣ್ಣ ಹೇಳಿದರು. ಗಾರ್ಡು "ಸರಿ" ಅಂದ. ಅವನೂ ಕೇಳಲಿಲ್ಲ.

ಎಂಟು ತಿಂಗಳ ಅನುಭವವಿದ್ದ ನಾನು, ಕಾನೂನು ಪದವೀಧರ, "ತುಂಬಾ ಒಳ್ಳೆಯ ಕೆಲಸ ಮಾಡಿದಿರಿ ಅಣ್ಣ" ಅಂದೆ.

ಎರಡು ತಿಂಗಳು ಹೀಗೇ ನಡೆಯಿತು. ದಿಬ್ಬದ ಹಿಂದೆ ಗಾಡಿ ನಿಂತಾಗಲೆಲ್ಲ ಸ್ಟೇಷನ್ ಮಾಸ್ಟರು ಒಂದು ಸಲ ಗಾರ್ಡನ್ನು ಕರೆಯುವ ಶಾಸ್ತ್ರ ಮಾಡಿ ಸುಮ್ಮನಾಗುತ್ತಿದ್ದರು. ಉಳಿದದ್ದು ಅಣ್ಣನ ಪಾಲಿಗೆ. ಒಂದು ಮಾತು ಒಪ್ಪಿಕೊಳ್ಳಬೇಕು. ರೈಲ್ವೆಯ ಸಂದೇಶವನ್ನು ಅವರು ಒಂದಕ್ಷರ ಬದಲಿಸಿದವರಲ್ಲ. ಐದು ನಿಮಿಷ ಅಂದರೆ ಐದೇ ನಿಮಿಷ. ಆದರೆ ಸಂದೇಶ ಮುಗಿದ ಮೇಲೆ ತಮ್ಮದೂ ನಾಲ್ಕು ಮಾತು ಸೇರಿಸುತ್ತಿದ್ದರು. "ಊಟ ಆಯ್ತಾ ಗಾರ್ಡ್ ಸಾಹೇಬ್ರೇ? ಬಿಸ್ಲು ಜಾಸ್ತಿ, ಮಜ್ಜಿಗೆ ಕುಡೀರಿ. ಮಗೀನ ಜ್ವರ ಬುಡ್ತಾ?" ಆ ಮಗುವಿನ ಜ್ವರದ ವಿಷಯ ಮೈಸೂರು ಮಂಡ್ಯ ನಡುವೆ ಓಡಾಡುವ ಅರ್ಧ ಡ್ರೈವರುಗಳಿಗೆ ತಿಳಿದಿತ್ತು.

ನಾನೇ ಒಂದು ದಿನ ಹಿರಿಯರ ಆಫೀಸಿನಲ್ಲಿ ಬೇರೆ ಯಾವುದೋ ಕೇಸಿಗೆ ರೈಲ್ವೆ ಕಾಯ್ದೆ ತಿರುವಿಹಾಕುತ್ತಿದ್ದೆ. ರೈಲಿನ ಪ್ರಯಾಣಿಕರ ಸುರಕ್ಷತೆಗೆ ಬೇಕೆಂದೇ ಅಪಾಯ ಒಡ್ಡುವ ಕೆಲಸಕ್ಕೆ ಐದು ವರ್ಷದವರೆಗೆ ಸಜೆ ಅಂತ ಕಂಡಿತು. ವೈರ್‌ಲೆಸ್ ಕಾಯ್ದೆ ತೆಗೆದೆ. ಲೈಸೆನ್ಸಿಲ್ಲದೆ ಮಾತು ಪ್ರಸಾರ ಮಾಡುವ ಯಂತ್ರ ಇಟ್ಟುಕೊಂಡರೇ ಮೂರು ವರ್ಷದವರೆಗೆ. ಮಾತಾಡಬೇಕೆಂದೂ ಇಲ್ಲ, ಇಟ್ಟುಕೊಂಡರೆ ಸಾಕು. ಅವತ್ತು ತಂದಿದ್ದ ಉಪ್ಪಿಟ್ಟು ಹಾಗೇ ಉಳಿಯಿತು. ಸಂಜೆ ಬಸ್ಸಿಳಿದವನೇ ಓಡಿಹೋಗಿ ಅಣ್ಣನಿಗೆ ಹೇಳಬೇಕೆಂದು ಹೊರಟೆ.

ಅಂಗಡಿಯ ಮುಂದೆ ಜೀಪು ನಿಂತಿತ್ತು.

ಆದದ್ದಿಷ್ಟು. ಅವತ್ತು ರೈಲ್ವೆಯ ದೊಡ್ಡ ಅಧಿಕಾರಿಯೊಬ್ಬರು ತನಿಖೆಗೆಂದು ಗಾರ್ಡಿನ ಡಬ್ಬಿಯಲ್ಲೇ ಕುಳಿತು ಬಂದಿದ್ದಾರೆ. ಗಾಡಿ ದಿಬ್ಬದ ಹಿಂದೆ ನಿಂತಿದೆ. ಗಾರ್ಡಿನ ಕೈಸೆಟ್ಟಿನಲ್ಲಿ ನಮ್ಮ ಅಣ್ಣನ ದನಿ: "ಗಾರ್ಡ್ ಸಾಹೇಬ್ರೇ, ಇನ್ನೂ ಐದು ನಿಮಿಷ ತಡೀಬೇಕಂತೆ. ಅಂದಂಗೆ ನಿಮ್ಮನೆಯವ್ರು ಕೇಳಿದ್ರಲ್ಲ ಅವರೆಕಾಯಿ, ತರಿಸಿ ಮಡಗಿವ್ನಿ."

ಗಾರ್ಡು ಕಲ್ಲಾಗಿ ಕೂತ. ಅಧಿಕಾರಿ ಸೆಟ್ಟು ಕಿತ್ತುಕೊಂಡು, "ಯಾರದು ಮಾತಾಡ್ತಿರೋದು?" ಅಂತ ಗರ್ಜಿಸಿದರು.

ಅಣ್ಣನಿಗೆ ಪ್ರಶ್ನೆ ಕೇಳಿಸಿತು. ಕೇಳಿಸಿದ ಮೇಲೆ ಇನ್ನೇನು? ತಮ್ಮ ಹೆಸರು ಹೇಳಿದರು. ಅಪ್ಪನ ಹೆಸರು ಹೇಳಿದರು. "ಸ್ಟೇಷನ್ ಇಳುದ್ರೆ ನೇರ ಬನ್ನಿ, ಆಲಿನ ಡೈರಿ ಪಕ್ಕ, ಅಸ್ರು ಬಾಗ್ಲು. ಒಸಬ್ರಾ? ಟೀ ಕುಡ್ಕೊಂಡೋಗಿರಂತೆ ಬನ್ನಿ. ಎಷ್ಟ್ ಜನ ಇದ್ದೀರಿ?" ಅಂತ ಕೇಳಿದರು.

ಇಂಥ ಕಳ್ಳದನಿ ಎಲ್ಲಿಂದ ಬರುತ್ತದೆಂದು ಕಂಡುಹಿಡಿಯಲು ಸರ್ಕಾರದ ಬಳಿ ತಲೆಯ ಮೇಲೆ ಆಂಟೆನಾ ತಿರುಗಿಸುವ ವ್ಯಾನು ಇದೆಯಂತೆ. ಅದರ ಅಗತ್ಯ ಬೀಳಲಿಲ್ಲ. ಅಧಿಕಾರಿ ಇಳಿದು, ರೈಲ್ವೆ ಪೊಲೀಸರನ್ನು ಕರೆದುಕೊಂಡು ಹೇಳಿದ ದಾರಿಯಲ್ಲೇ ಬಂದರು. ಟೀ ಸಿದ್ಧವಾಗಿತ್ತು.

ನಾನು ಒಳಗೆ ಹೋದಾಗ ಮಹಜರು ನಡೆಯುತ್ತಿತ್ತು. ವಶಪಡಿಸಿಕೊಂಡ ಸಾಮಾನಿನ ಪಟ್ಟಿಯನ್ನು ಒಬ್ಬ ಪೇದೆ ಬರೆಯುತ್ತಿದ್ದ. "ಆಂಟೆನಾ ಒಂದು" ಅಂದರೆ ಅಣ್ಣ "ಎರಡು ಬರ್ಕೊಳ್ಳಿ ಸ್ವಾಮಿ, ಇತ್ಲಲ್ಲಿ ಇನ್ನೊಂದೈತೆ" ಅನ್ನುತ್ತಿದ್ದರು. ಮೂಲೆಯಲ್ಲಿ ಸೆಟ್ಟು ಇನ್ನೂ ಉರಿಯುತ್ತಿತ್ತು. ಯಾರಿಗೂ ಅದನ್ನು ಆರಿಸುವ ಗುಂಡಿ ಗೊತ್ತಿರಲಿಲ್ಲ, ಗೊತ್ತಿದ್ದವರನ್ನು ಯಾರೂ ಕೇಳಿರಲಿಲ್ಲ. ಅಷ್ಟರಲ್ಲಿ ಅದರೊಳಗಿಂದ ಸ್ಟೇಷನ್ ಮಾಸ್ಟರು, ಏನೂ ತಿಳಿಯದ ಪಾಪದ ದನಿಯಲ್ಲಿ, "ಗಾರ್ಡಿಗೆ ಒಂದು ಮಾತು ಹೇಳಬೇಕಿತ್ತಲ್ಲ" ಅಂದರು. ಅಣ್ಣನ ಕೈ ತಾನಾಗಿ ಹೋಯಿತು.

"ಸ್ವಲ್ಪ ತಡ್ಕೊಳ್ಳಿ ಮಾಸ್ಟ್ರೇ, ಇಲ್ಲಿ ಮಹಜರು ನಡೀತಾ ಐತೆ."

ಆ ವಾಕ್ಯವನ್ನೂ ಪೇದೆ ಮಹಜರಿನಲ್ಲಿ ಬರೆದುಕೊಂಡ. ಪಂಚರಾಗಿ ಡೈರಿಯ ಕಾರ್ಯದರ್ಶಿ ಸಹಿ ಹಾಕಿದರು. ಸೆಟ್ಟು ಜೀಪು ಹತ್ತಿತು. ಅಣ್ಣ ಠಾಣೆಗೆ ಹೋಗಿ ಜಾಮೀನಿನ ಮೇಲೆ ಮರುದಿನ ವಾಪಸು ಬಂದರು. ಗಾರ್ಡು ಸಸ್ಪೆಂಡ್ ಆದ.

ಹಿರಿಯ ವಕೀಲರು ಫೈಲು ನೋಡಿ, ಕನ್ನಡಕ ತೆಗೆದು, "ಐದು ವರ್ಷದ ಕಲಮು ಹಾಕಿದ್ದಾರೆ ಕಣಯ್ಯ, ತಮಾಷೆ ಅಲ್ಲ. ಒಂದೇ ದಾರಿ. ಆ ಗಾರ್ಡೂ ಸ್ಟೇಷನ್ ಮಾಸ್ಟರೂ ಕೇಳಿಕೊಂಡರು, ರೈಲ್ವೆಯವರೇ ಹೇಳಿದರಲ್ಲ ಅಂತ ನಾನು ಮಾತಾಡಿದೆ ಅನ್ನಲಿ. ತಪ್ಪೆಲ್ಲ ಅವರ ತಲೆಗೆ ಹೋಗುತ್ತೆ, ನಿನ್ನ ಪಾರ್ಟಿ ಬಚಾವ್" ಅಂದರು. ಅಣ್ಣನಿಗೆ ಹೇಳಿ ಒಪ್ಪಿಸುವ ಕೆಲಸ ನನ್ನದಾಯಿತು.

ಅಣ್ಣ ಪೂರ್ತಿ ಕೇಳಿದರು. "ಅವ್ರು ನನ್ನ ಕೇಳ್ನಿಲ್ವಲ್ಲಪ್ಪ. ನಾನೇ ನಡುವೆ ಬಾಯಾಕಿದ್ದು."

"ಕೇಳಿದ ಹಾಗೇ ಅಣ್ಣ. ಎರಡು ತಿಂಗಳು ಉಪಯೋಗಿಸಿಕೊಂಡರಲ್ಲ."

"ಉಪಯೋಗ ಆಗ್ಲಿ ಅಂತ್ಲೇ ಮಾತಾಡಿದ್ದು. ಈಗ ನಾನು ಅಂಗಂದ್ರೆ ಆ ಗಾರ್ಡಿನ ಕೆಲಸ ಓಯ್ತದೆ. ಮನೇಲಿ ಮಗೀಗೆ ಬೇರೆ ಮೈ ನೆಟ್ಟಗಿಲ್ಲ."

"ಇಲ್ಲದಿದ್ದರೆ ನೀವು ಐದು ವರ್ಷ ಜೈಲಿಗೆ ಹೋಗಬೇಕಾಗುತ್ತೆ" ಅಂತ ಕೂಗಿಯೇಬಿಟ್ಟೆ. ನನಗೆ ಸಿಟ್ಟು ಬೇಗ ಬರುತ್ತದೆ.

ಒಳಗಿನಿಂದ ಅವರ ಹೆಂಡತಿ ಬಂದರು. "ಐದು ವರ್ಷನಾ? ಅಯ್ಯೋ, ಒಂದೇ ತಿಂಗ್ಳಿಗೆ ಜೈಲಿನೋರೇ ಇವ್ರ ಮಾತು ತಡೀಲಾರ್ದೆ ಮನೆಗೆ ತಂದ್ಬುಟ್ಟೋಯ್ತರೆ" ಅಂದರು. ಅಂದವರು ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು. ಅಣ್ಣನಿಗೂ ಹೆದರಿಕೆಯಾಗಿತ್ತು. ಹೆದರಿಕೆ ಆಗಿದೆ ಅಂತ ಹೇಳಿಯೂ ಹೇಳಿದರು. ಆದರೆ ಮಾತು ಬದಲಿಸಲಿಲ್ಲ.

ಹಿರಿಯರು ಇಂಥ ಪಾರ್ಟಿ ತಮಗೆ ಬೇಡವೆಂದು ಫೈಲನ್ನು ನನ್ನ ಮುಂದೆ ತಳ್ಳಿದರು. ಹಾಗೆ ಅದು ನನ್ನ ಕೇಸಾಯಿತು.

ಶ್ರೀರಂಗಪಟ್ಟಣದ ಕೋರ್ಟಿನಲ್ಲಿ ಆಗ ಇದ್ದವರು ಒಬ್ಬ ಮಹಿಳಾ ಮ್ಯಾಜಿಸ್ಟ್ರೇಟರು; ಸಿವಿಲ್ ದಾವೆಗಳೂ ಅವರ ಮುಂದೆಯೇ ಬರುತ್ತಿದ್ದವು. ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ಸ್ಟೇಷನ್ ಮಾಸ್ಟರು ಕಟಕಟೆಗೆ ಬಂದು, ಆ ದನಿ ಪಕ್ಕದ ಸ್ಟೇಷನ್ನಿನ ರೈಲ್ವೆ ನೌಕರರದೇ ಎಂದು ತಾವು ನಂಬಿದ್ದಾಗಿ ಪ್ರಮಾಣ ಮಾಡಿ ಹೇಳಿದರು. ಹೇಳುವಾಗ ಅಣ್ಣನ ಕಡೆ ನೋಡಲಿಲ್ಲ. ಅಣ್ಣ ಮಾತ್ರ ಅವರಿಗೆ ಕೈಮುಗಿದರು.

ಆಮೇಲೆ ಗಾರ್ಡು ಬಂದ. ಸಣಕಲು ಮನುಷ್ಯ, ಸಸ್ಪೆಂಡ್ ಆದಮೇಲೆ ಇನ್ನೂ ಸಣಕಲಾಗಿದ್ದ. ಅವನೂ ಅದೇ ಪಾಠ ಒಪ್ಪಿಸುತ್ತಾನೆ, ಒಪ್ಪಿಸಿದರೆ ಅವನ ಕೆಲಸ ಉಳಿಯುತ್ತದೆ ಅಂತ ನನಗೆ ಗೊತ್ತಿತ್ತು. ಸರ್ಕಾರಿ ವಕೀಲರು, "ಆ ದನಿ ರೈಲ್ವೆಯವರದಲ್ಲ ಅಂತ ನಿಮಗೆ ಗೊತ್ತಿತ್ತೇ?" ಅಂದರು.

ಗಾರ್ಡು ಪೀಠದ ಕಡೆ ತಿರುಗಿ, "ಗೊತ್ತಿತ್ತು ಮೇಡಂ" ಅಂತ ಮ್ಯಾಜಿಸ್ಟ್ರೇಟರಿಗೇ ಹೇಳಿದ.

"ಹೇಗೆ ಗೊತ್ತಿತ್ತು?"

"ಊಟ ಆಯ್ತಾ ಅಂತ ಕೇಳೋರು. ರೈಲ್ವೆಯಲ್ಲಿ ಹಾಗೆ ಯಾರೂ ಕೇಳಲ್ಲ."

ಕೋರ್ಟಿನಲ್ಲಿ ನಗು ಎದ್ದಿತು. ಮ್ಯಾಜಿಸ್ಟ್ರೇಟರು ತಲೆ ಎತ್ತಿದ ಮೇಲೆ ಅಡಗಿತು. ನಾನು ಎದ್ದು ಒಂದೇ ಪ್ರಶ್ನೆ ಕೇಳಿದೆ. ಆ ಎರಡು ತಿಂಗಳಲ್ಲಿ ಆರೋಪಿ ಯಾವುದಾದರೂ ಸಂದೇಶ ತಿರುಚಿದ್ದುಂಟೇ? "ಒಂದೂ ಇಲ್ಲ. ಹೇಳಿದ್ದನ್ನ ಹೇಳಿದ ಹಾಗೇ ತಲುಪಿಸಿದರು. ಹೆಚ್ಚಿಗೆ ಸೇರಿಸಿದ್ದೆಲ್ಲ ಕ್ಷೇಮಸಮಾಚಾರ" ಅಂದ ಗಾರ್ಡು. ಆ ಸತ್ಯಕ್ಕೆ ಅವನು ದಂಡ ತೆತ್ತ. ಇಲಾಖೆ ಅವನ ಇನ್‌ಕ್ರಿಮೆಂಟ್ ಹಿಡಿಯಿತು. ಕೆಲಸ ಮಾತ್ರ ಉಳಿಯಿತು.

ನಾನು ಗೆದ್ದೆ ಅಂದುಕೊಂಡು ಕೂತೆ. ಆಗ ಮ್ಯಾಜಿಸ್ಟ್ರೇಟರು ಅಣ್ಣನನ್ನು ಕೇಳಿದರು: "ಲೈಸೆನ್ಸಿಲ್ಲದೆ ರೈಲ್ವೆಯವರ ಮಾತಿನ ನಡುವೆ ಯಾಕೆ ಮಾತಾಡಿದಿರಿ?"

ಚುಟುಕಾಗಿ ಹೇಳಿ ಅಂತ ನಾನು ಕಣ್ಣುಸನ್ನೆ ಮಾಡಿದೆ. ವ್ಯರ್ಥ. ಕೆರೆ, ತೂಬು, ಬಯಲು, ಅಣ್ಣತಮ್ಮಂದಿರ ವ್ಯಾಜ್ಯ, ಎಲ್ಲವೂ ದಾಖಲಾಯಿತು. ಬೈಗುಳ ಬಂದಾಗ ಬೆರಳಚ್ಚಿನವನು ಕೈ ತಡೆದು ಮೇಲೆ ನೋಡಿದ. "ಕೂಗು ಕೇಳುಸ್ತು ಅಮ್ಮಾವ್ರೇ. ಕೇಳುಸುದ್ಮೇಲೆ ಕೈಕಟ್ಕೊಂಡು ಕೂರಾಕಾಯ್ತದಾ?" ಅಂತ ಅಣ್ಣ ಮುಗಿಸಿದರು.

ಮ್ಯಾಜಿಸ್ಟ್ರೇಟರು ಪೆನ್ನು ಕೆಳಗಿಟ್ಟರು. "ನಿಮ್ಮ ಬಯಲಿನಲ್ಲಿ ನಡುವೆ ನಿಂತು ಕೂಗುವವನ ಮುಖ ಎಲ್ಲರಿಗೂ ಕಾಣಿಸುತ್ತೆ. ಅವನು ಯಾರು, ಯಾರ ಮಗ, ಎಷ್ಟು ನಂಬಬಹುದು ಅಂತ ಊರಿಗೆ ಗೊತ್ತಿರುತ್ತೆ. ಗಾಳಿಯಲ್ಲಿ ಬರುವ ದನಿಗೆ ಮುಖ ಇದೆಯೇ? ಇನ್ಯಾರೋ ಕೆಟ್ಟವನು ನಿಮ್ಮ ಹಾಗೇ ಕುಳಿತು, ಊಟ ಆಯ್ತಾ ಅಂತ ಕೇಳಿ, ಲೈನು ಖಾಲಿ ಇದೆ ಗಾಡಿ ಬಿಡಿ ಅಂದರೆ? ಆ ಗಾರ್ಡು ಬಿಡುತ್ತಾನೆ. ಹೊರಗಿನವರ ದನಿ ನಂಬುವ ಅಭ್ಯಾಸವನ್ನು ಅವನಿಗೆ ಮಾಡಿಸಿದವರು ನೀವು. ಆ ಗಾಡಿಯಲ್ಲಿ ಎಷ್ಟು ಜನ ಇರುತ್ತಾರೆ?"

ಅಣ್ಣ ಬಾಯಿ ತೆರೆದರು. ಏನೂ ಬರಲಿಲ್ಲ. ಕಟಕಟೆಯ ಮರವನ್ನು ಹಿಡಿದುಕೊಂಡು ನಿಂತರು. ಕೇಳಿದ ಪ್ರಶ್ನೆಗೆ ಅವರು ಉತ್ತರ ಕೊಡದೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಬಹಳ ಹೊತ್ತಾದ ಮೇಲೆ, "ಇದು ನಂಗೆ ಒಳೀನೇ ಇಲ್ಲ ತಾಯಿ" ಅಂದರು. ನನಗೂ ಹೊಳೆದಿರಲಿಲ್ಲ. ಅವರ ಪರ ವಾದಿಸಲು ಬಂದವನಿಗೆ ಆ ಕ್ಷಣ ನಾಚಿಕೆಯಾಯಿತು.

ತೀರ್ಪಿನ ದಿನ ಅಣ್ಣ ಒಂದು ಚೀಲದೊಂದಿಗೆ ಬಂದರು. ಹೊದಿಕೆ, ಎರಡು ಪಂಚೆ, ಐದು ವರ್ಷಕ್ಕಲ್ಲದಿದ್ದರೂ ಐದು ತಿಂಗಳಿಗೆ ಸಾಕಾಗುವಷ್ಟು ಹುರಿಹಿಟ್ಟು. ಹೆಂಡತಿ ಬಂದಿರಲಿಲ್ಲ. "ಬಂದ್ರೆ ಅಳ್ತಾಳೆ. ಅತ್ರೆ ನಾನು ಸಮಾಧಾನ ಮಾಡ್ಬೇಕಾಯ್ತದೆ, ಕೋರ್ಟಲ್ಲಿ ಮಾತಾಡಂಗಿಲ್ವಲ್ಲ" ಅಂದರು.

ಮ್ಯಾಜಿಸ್ಟ್ರೇಟರು ತೀರ್ಪು ಓದಿದರು. ಬೇಕೆಂದೇ ಅಪಾಯ ಒಡ್ಡಿದ್ದಾರೆಂಬ ಆರೋಪ ರುಜುವಾತಾಗಿಲ್ಲ. ಆದರೆ ವಿವೇಚನೆಯಿಲ್ಲದೆ ನಡೆದುಕೊಂಡದ್ದು ನಿಜ, ಲೈಸೆನ್ಸಿಲ್ಲದ ಸೆಟ್ಟು ಇಟ್ಟುಕೊಂಡದ್ದೂ ನಿಜ. ಸೆಟ್ಟು ಸರ್ಕಾರಕ್ಕೆ ಮುಟ್ಟುಗೋಲು. ದಂಡ ಕಟ್ಟಬೇಕು. ಜೊತೆಗೆ, ಕೋರ್ಟು ಏಳುವವರೆಗೆ ಸೆರೆವಾಸ.

ಕೊನೆಯದು ಅಣ್ಣನಿಗೆ ಅರ್ಥವಾಗಲಿಲ್ಲ. ಅವತ್ತಿನ ಕಲಾಪ ಮುಗಿದು ನ್ಯಾಯಾಧೀಶರು ಪೀಠದಿಂದ ಏಳುವ ತನಕ ಕೋರ್ಟಿನ ಹಾಲಿನಲ್ಲೇ ಕೈದಿಯಾಗಿ ಕೂತಿರಬೇಕು, ಎದ್ದ ತಕ್ಷಣ ಬಿಡುಗಡೆ ಅಂತ ನಾನು ವಿವರಿಸಿದೆ. "ಇಷ್ಟೇನಾ?" ಅಂತ ಚೀಲ ಕೆಳಗಿಟ್ಟರು.

"ಇಷ್ಟೇ" ಅಂದರು ಮ್ಯಾಜಿಸ್ಟ್ರೇಟರು ಮೇಲಿನಿಂದ. "ಆದರೆ ಅಲ್ಲಿಯವರೆಗೆ ಬಾಯಿ ತೆರೆಯಕೂಡದು. ತೆರೆದರೆ ಈ ಶಿಕ್ಷೆಯ ಬಗ್ಗೆ ಮತ್ತೆ ಯೋಚನೆ ಮಾಡಬೇಕಾಗುತ್ತೆ."

ಹನ್ನೊಂದೂವರೆಗೆ ಕಿಟಕಿ ಪಕ್ಕದ ಬೆಂಚಿನಲ್ಲಿ ಕೂತರು. ಐದು ವರ್ಷವೇ ಸುಲಭವಿತ್ತೇನೋ ಅಂತ ನನಗೆ ಆಮೇಲೆ ಅನ್ನಿಸಿತು. ಕೋರ್ಟಿನಲ್ಲಿ ಪ್ರಶ್ನೆಗಳಿಗೇನು ಬರ? ಒಬ್ಬ ವಕೀಲರು ಸಾಕ್ಷಿಗೆ "ಆ ಹಸು ಯಾವ ಬಣ್ಣದ್ದು?" ಅನ್ನುತ್ತಾರೆ, ಸಾಕ್ಷಿ ತಡವರಿಸುತ್ತಾನೆ, ಇಲ್ಲಿ ಅಣ್ಣ ಟವೆಲ್ಲಿನ ತುದಿಯನ್ನು ಬಾಯಿಗಿಟ್ಟುಕೊಳ್ಳುತ್ತಾರೆ. ಇನ್ನೊಬ್ಬರು "ಆಗ ಸಮಯ ಎಷ್ಟಾಗಿತ್ತು?" ಅನ್ನುತ್ತಾರೆ, ಅಣ್ಣ ಗೋಡೆ ಗಡಿಯಾರ ನೋಡಿ ಕಣ್ಣು ಮುಚ್ಚಿಕೊಳ್ಳುತ್ತಾರೆ. ಎರಡು ಗಂಟೆಯ ಹೊತ್ತಿಗೆ ಟವೆಲ್ಲು ಒದ್ದೆಯಾಗಿತ್ತು. ನಾನು ಪಕ್ಕದಲ್ಲೇ ಕೂತು ಅವರ ತೋಳು ಹಿಡಿದುಕೊಂಡಿದ್ದೆ.

ಎರಡೂವರೆ ದಾಟಿತ್ತು. ಬೂಕನಕೆರೆಯ ಕಡೆಯಿಂದ ಈ ತಾಲ್ಲೂಕಿಗೆ ಸೊಸೆಯಾಗಿ ಬಂದಿದ್ದ ಒಬ್ಬ ಮುದುಕಿಯ ದಾವೆ ಬಂತು. ಹೊಲಕ್ಕೆ ಹೋಗುವ ದಾರಿಯನ್ನು ಮೈದುನ ಮುಚ್ಚಿದ್ದಾನೆಂದು ಹಾಕಿದ ದಾವೆ. ಅವಳ ವಕೀಲರು ಮಂಡ್ಯಕ್ಕೆ ಹೋಗಿದ್ದರು. ಕೋರ್ಟಿನ ಜವಾನ ಬಾಗಿಲಿಗೆ ಹೋಗಿ ಹೆಸರು ಕೂಗಿದ. ಅವನಿಗೆ ಶೀತವಾಗಿ ಗಂಟಲು ಕಟ್ಟಿತ್ತು. "ಚಿಕ್ಕತಾಯಮ್ಮಾ" ಅನ್ನುವುದು ಬಾಗಿಲು ದಾಟಲಿಲ್ಲ. ಎರಡನೆಯ ಸಲವೂ ಕೂಗಿದ. ಅದೂ ಅಷ್ಟೇ.

ಕಿಟಕಿಯಿಂದ ನೋಡಿದರೆ ಕಾಂಪೌಂಡಿನಾಚೆ ಹೊಂಗೆಮರದ ಕೆಳಗೆ, ಬೆಳಿಗ್ಗೆ ಅಣ್ಣನ ಜೊತೆ ತವರಿನ ಕಡೆಯ ಮಾತಾಡಿದ್ದ ಆ ಮುದುಕಿ ಕಾಣುತ್ತಿದ್ದಳು. ಬೆಳಗಿನಿಂದ ಕಾದು ಸುಸ್ತಾಗಿ, ಕಾಗದದ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು, ಬೆನ್ನು ಈ ಕಡೆಗೆ ಹಾಕಿ ಕೂತಿದ್ದಳು. ಮೂರನೆಯ ಕೂಗಿಗೂ ಬಾರದಿದ್ದರೆ ಗೈರುಹಾಜರಿಯ ಮೇಲೆ ದಾವೆ ವಜಾ. ಮ್ಯಾಜಿಸ್ಟ್ರೇಟರು ಆಗಲೇ ಪೆನ್ನು ತೆಗೆದುಕೊಂಡಿದ್ದರು.

ಅಣ್ಣ ಬೆಂಚಿನ ತುದಿಗೆ ಸರಿದರು. ನಾನು ತೋಳನ್ನು ಇನ್ನೂ ಬಿಗಿಯಾಗಿ ಹಿಡಿದೆ. "ಬೇಡ ಅಣ್ಣ, ದಮ್ಮಯ್ಯ ಬೇಡ" ಅಂತ ಪಿಸುಗುಟ್ಟಿದೆ. ಅವರು ನನ್ನ ಕೈ ಬಿಡಿಸಿಕೊಂಡು ಎದ್ದರು. ಮುಗಿಯಿತು, ಇನ್ನು ಜೈಲೇ ಗತಿ ಅಂದುಕೊಂಡು ನಾನು ಕಣ್ಣು ಮುಚ್ಚಿದೆ.

ಕೂಗು ಕೇಳಿಸಲಿಲ್ಲ. ಕಣ್ಣು ಬಿಟ್ಟರೆ ಅಣ್ಣ ಶಾಲೆಯ ಹುಡುಗರ ಹಾಗೆ ಒಂದು ಕೈ ಮೇಲೆತ್ತಿ, ತುಟಿ ಬಿಗಿದುಕೊಂಡು ನಿಂತಿದ್ದಾರೆ.

"ಏನು?" ಅಂದರು ಮ್ಯಾಜಿಸ್ಟ್ರೇಟರು.

"ಅಮ್ಮಾವ್ರೇ, ಒಂದು ಕೂಗು ದಾಟುಸ್ಬೇಕಾಗೈತೆ" ಅಂದರು ಅಣ್ಣ. "ಅಪ್ಪಣೆ ಆದ್ರೆ."

ಮ್ಯಾಜಿಸ್ಟ್ರೇಟರು ಅವರನ್ನು ನೋಡಿದರು. ಎದ್ದು ಕುತ್ತಿಗೆ ಚಾಚಿ ಕಿಟಕಿಯಾಚೆ ಮರದ ಕೆಳಗೆ ನೋಡಿದರು. ಮತ್ತೆ ಕೂತರು.

"ಅಪ್ಪಣೆ ಇದೆ" ಅಂದರು. "ಹೆಸರಿಗಿಂತ ಒಂದಕ್ಷರ ಹೆಚ್ಚಿಗೆ ಸೇರಿಸಕೂಡದು."

ಅಣ್ಣ ಕಿಟಕಿಯ ಸರಳು ಹಿಡಿದುಕೊಂಡು, ಎದೆ ತುಂಬ ಉಸಿರೆಳೆದು ಕೂಗಿದರು. "ಚಿಕ್ಕತಾಯಮ್ಮೋ!" ಕೋಟೆಯೊಳಗಿನ ಬಸ್ಸಿನವರೂ ತಿರುಗಿ ನೋಡಿರಬೇಕು. ಮರದ ಕೆಳಗಿನಿಂದ "ಬಂದೇ ಕಣಪ್ಪೋ" ಅಂತ ಓಗೊಡುತ್ತ, ಕಾಗದದ ಕಟ್ಟು ಎದೆಗವಚಿಕೊಂಡು ಮುದುಕಿ ಓಡಿಬಂದಳು.

ಅವಳಿಗೆ ಮುಂದಿನ ತಾರೀಖು ಕೊಟ್ಟರು. ಮೇಜಿನ ಮೇಲೆ ಇನ್ನೂ ಮೂರು ನಾಲ್ಕು ಫೈಲು ಬಾಕಿ ಇದ್ದವು. ಮ್ಯಾಜಿಸ್ಟ್ರೇಟರು ಅವನ್ನು ಒಂದರ ಮೇಲೊಂದು ಜೋಡಿಸಿ ಪಕ್ಕಕ್ಕಿಟ್ಟು, ನಾಳೆಗೆ ಹಾಕಿ ಅಂತ ಗುಮಾಸ್ತರಿಗೆ ಹೇಳಿ, ಎದ್ದುಬಿಟ್ಟರು. ನಾವೆಲ್ಲ ದಡಬಡ ಎದ್ದು ನಿಂತೆವು. ಗೋಡೆ ಗಡಿಯಾರದಲ್ಲಿ ಮೂರು ಗಂಟೆ ಇನ್ನೂ ಆಗಿರಲಿಲ್ಲ. ಆ ಕೋರ್ಟು ಅಷ್ಟು ಬೇಗ ಎದ್ದದ್ದನ್ನು ನನ್ನ ಇಷ್ಟು ವರ್ಷದ ವಕೀಲಿಯಲ್ಲಿ ಮತ್ತೆಂದೂ ನೋಡಲಿಲ್ಲ.